ಆಡಿತು, ಆಡಿಸಿದ

ಮುದಗಲ್ಲಿನ ಮೈದಾನದಲ್ಲಿ ಕಬಡ್ಡಿ ಆಡುವಾಗ ಅಣ್ಣ ಬಿದ್ದದ್ದು ಜನವರಿಯ ಎರಡನೆಯ ಭಾನುವಾರ. ರೈಡಿಗೆ ಹೋದವನನ್ನು ಎದುರಿನವರು ಸೊಂಟ ಹಿಡಿದು ಎತ್ತಿ ಕೆಡವಿದರು. ಅವನ ಮೇಲೆ ಬಿದ್ದ ಮೂವರೂ ಎದ್ದರು, ಅಣ್ಣ ಏಳಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿದೆ ಎಂದು ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹೇಳಿದರು. ಆಪರೇಷನ್ ದೂರದ ದೊಡ್ಡ ಊರಿನಲ್ಲಾಯಿತು. ಮಾರ್ಚ್ ಕೊನೆಗೆ ಮಸ್ಕಿಯ ನಮ್ಮ ಮನೆಗೆ ಕರೆತಂದಾಗ, ಕಾಲು ಮುಟ್ಟಿದರೆ ಅವನಿಗೆ ಅರೆಬರೆ ತಿಳಿಯುತ್ತಿತ್ತು. ಕಾಲು ಮಾತ್ರ ಅಲುಗುತ್ತಿರಲಿಲ್ಲ. ನರ ಪೂರ್ತಿ ಹೋಗಿಲ್ಲ, ಎಷ್ಟು ಮರಳಿ ಬರುತ್ತದೆಂದು ಈಗಲೇ ಹೇಳಲಾಗದು ಎಂದಿದ್ದರು ಆಪರೇಷನ್ ಮಾಡಿದ ಡಾಕ್ಟರು.

ಸಿಂಧನೂರಿನಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಮೊದಲ ದಿನವೇ ನನಗೊಂದು ಕೆಲಸ ಹಚ್ಚಿದರು. “ಕಾಲು ಆಡಿದಾಗೆಲ್ಲ ಬರದಿಡು ತಂಗಿ.” ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುವವಳು. ಇದೇನು ಕಷ್ಟ ಎಂದುಕೊಂಡೆ.

ಏಪ್ರಿಲಿನ ಮೊದಲ ವಾರ ಊಟದ ಹೊತ್ತಿನಲ್ಲಿ ಅಣ್ಣನ ಬಲಗಾಲು ಒಮ್ಮೆಲೇ ಝಾಡಿಸಿತು. ತಟ್ಟೆಯ ಸಾರು ಹಾಸಿಗೆಗೆ ಚೆಲ್ಲಿತು. ಅವ್ವ ಅದನ್ನು ಒರೆಸದೆ ಓಣಿಗೆ ಓಡಿ, “ನಮ್ಮ ಹುಡುಗನ ಕಾಲು ಆಡಾಕತ್ತೈತಿ!” ಎಂದು ಕೂಗಿದಳು. ಸುದ್ದಿ ಸಂತೆಕಲ್ಲೂರಿಗೂ ಮುಟ್ಟಿತು. ಸಂಜೆಗೆ ಅಲ್ಲಿಂದ ತಂಡದ ಗೆಳೆಯ ಬಂದು, ನಿಂತಲ್ಲೇ ತನ್ನ ತೊಡೆ ತಟ್ಟಿದ.

“ಏನಲೇ, ಔಟಾಗಿ ಕುಂತಾವಗ ಜೀವ ಬಂತಂತಲ್ಲ! ಒಳಗ ಬಾ, ಆಟ ಇನ್ನಾ ಮುಗಿದಿಲ್ಲ.”

“ಬರ್ತೀನಿ ತಡಿಯಲೇ. ಮೊದಲ ಸಂಡಾಸಕ್ಕ ನಡಕೊಂಡು ಹೋಗಿ ಬರ್ತೀನಿ. ಬೋನಸ್ ಲೈನ್ ದಾಟೋದು ಆಮ್ಯಾಲ.”

ಗೆಳೆಯ ನಕ್ಕ. ಅಣ್ಣ ನಗಲಿಲ್ಲ.

ನಾನು ‘ಆಡಿತು’ ಎಂದು ಬರೆದು ಮುಂದೆ ಒಂದು ಗೆರೆ ಎಳೆದೆ. ದಿನಗಳೆದಂತೆ ಗೆರೆಗಳು ಒತ್ತೊತ್ತಾದವು. ತಿಂಗಳ ನಡುವೆ ಆಸ್ಪತ್ರೆಯವರು ಸ್ನಾಯುಗಳ ಸೆಟೆತಕ್ಕೆಂದು ಗುಳಿಗೆ ಕೊಟ್ಟರು, ಗೆರೆಗಳು ವಿರಳವಾದವು. ಅವ್ವನಿಗೆ ಓದು ಬರದು, ಆದರೆ ಗೆರೆ ಕಾಣುತ್ತವಲ್ಲ. “ಈ ಗುಳಿಗಿ ಕಾಲು ಕಟ್ಟಿ ಹಾಕೇತಿ ನೋಡು” ಎಂದು ಕೊಡುವುದನ್ನೇ ನಿಲ್ಲಿಸಿದಳು. ಗೆರೆಗಳು ಮತ್ತೆ ಏರಿದವು. ಅವಳ ಮಾತು ಸುಳ್ಳೆನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೆ ಗುಣವಾಗುತ್ತಿರುವ ಕಾಲು ಅಣ್ಣನನ್ನೇ ಏಕೆ ಗಾಲಿಕುರ್ಚಿಯಿಂದ ಕೆಳಗೆ ಜಾರಿಸುತ್ತದೆ? ಅದು ಆಡಿದಾಗೆಲ್ಲ ಅವನೇಕೆ ನೋವಿಗೆ ತುಟಿ ಕಚ್ಚುತ್ತಾನೆ?

ಮೇ ತಿಂಗಳಲ್ಲಿ ಅವ್ವನೂ ನಾನೂ ಅಣ್ಣನನ್ನು ಸಿಂಧನೂರಿಗೆ ಕರೆದೊಯ್ದಾಗ ಡಾಕ್ಟರಮ್ಮ ನಾನು ಬರೆದದ್ದನ್ನೆಲ್ಲ ನೋಡಿದರು.

“ಆಡಿದ್ದು ಖರೇ. ಇದರಾಗ ಇಂವಾ ಆಡಿಸಿದ್ದು ಎಷ್ಟು?”

ನಾನು ಅಣ್ಣನ ಮುಖ ನೋಡಿದೆ. ಅವನು ಕಾಲು ನೋಡಿಕೊಂಡ. ಪೆಟ್ಟಾದ ಜಾಗದ ಕೆಳಗಿನ ನರ ಅವನ ಅಪ್ಪಣೆಯಿಲ್ಲದೆ ತಾನೇ ಕಾಲನ್ನು ಸೆಳೆಯುತ್ತದೆ, ಗುಳಿಗೆ ಇರುವುದು ಅದಕ್ಕೇ ಎಂದರು ಡಾಕ್ಟರಮ್ಮ. ಅದನ್ನು ನಿಲ್ಲಿಸಿದ್ದನ್ನು ನಾನು ಹೇಳಿದಾಗ ಅವ್ವನತ್ತ ತಿರುಗಿದರು. “ನಮ್ಮನ್ನ ಕೇಳದ ಬಂದ್ ಮಾಡಬಾರದ್ರೀ ಅಮ್ಮಾ, ಅಪಾಯ ಐತಿ.”

ಅವ್ವ ಸೋಲಲಿಲ್ಲ. “ಕಾಲು ಇವಂದಾ ಅಲ್ಲೇನ್ರೀ? ಇವನ ಕಾಲು ಆಡಿದ್ರ ಇಂವಾ ಆಡಿಸಿದಂಗ ಅಲ್ಲೇನು?”

ಡಾಕ್ಟರಮ್ಮ ಅಣ್ಣನಿಗೆ ಕಣ್ಣು ಮುಚ್ಚಲು ಹೇಳಿದರು. “ಈಗ ಕಾಲಿನ ಹೆಬ್ಬೆರಳು ಎತ್ತು.” ಅಣ್ಣನ ಹಣೆಯ ಮೇಲೆ ಬೆವರೊಡೆಯಿತು. ಬಲಗಾಲಿನ ಹೆಬ್ಬೆರಳು ಒಂದಿಷ್ಟು ಮೇಲೆದ್ದು ಇಳಿಯಿತು. ಅವ್ವ ಕೈ ಮುಗಿದಳು.

“ನೀನಾ ಎತ್ತಿದೇನು?” ಡಾಕ್ಟರಮ್ಮ ಕೇಳಿದರು.

ಅಣ್ಣ ಕಣ್ಣು ತೆರೆದ. “ಎದ್ದಿತೇನ್ರೀ?”

ಎರಡನೆಯ ಸಲ ಏನೂ ಆಗಲಿಲ್ಲ. “ಒಂದು ಸಲಕ್ಕ ತಿಳಿಯಂಗಿಲ್ಲ. ಹೇಳಿದಾಗೆಲ್ಲ ಎದ್ರ ಅದು ಇವಂದು. ಗುಳಿಗಿ ಬಗ್ಗೆ ದೊಡ್ಡ ಡಾಕ್ಟರನ್ನ ಇವತ್ತಾ ಕೇಳೋಣ” ಎಂದರು ಡಾಕ್ಟರಮ್ಮ.

ಗುಳಿಗೆ ಮತ್ತೆ ಶುರುವಾಯಿತು. ಮಸ್ಕಿಗೆ ಮರಳಿದ ಮೇಲೆ ಹೊಸ ಹಾಳೆಯ ನಡುವೆ ಗೀಟು ಹಾಕಿ ಒಂದು ಬದಿಗೆ ‘ಆಡಿತು’, ಇನ್ನೊಂದು ಬದಿಗೆ ‘ಆಡಿಸಿದ’ ಎಂದು ಬರೆದೆ. ಹೆಬ್ಬೆರಳಿನ ಗೆರೆಯನ್ನು ಎಲ್ಲಿ ಎಳೆಯಬೇಕೋ ತಿಳಿಯಲಿಲ್ಲ.

“ಯಾವ ಕಡೆ ಬರದೀ?” ಅಣ್ಣ ಕೇಳಿದ.

“ಇನ್ನಾ ಬರದಿಲ್ಲ. ನೀನಾ ಹೇಳು.”

ಅವನು ಹಾಳೆಯನ್ನು ತನ್ನತ್ತ ಎಳೆದುಕೊಂಡ. “ಡಾಕ್ಟರಮ್ಮ ಎತ್ತು ಅಂದಾಗ ನಾ ಎತ್ತಾಕ ನೋಡಿದ್ದು ಎಡಗಾಲಿಂದು.”

ಎದ್ದದ್ದು ಬಲಗಾಲಿನದು. ಹಾಗಾದರೆ ಅದು ಅವನದಲ್ಲವೇ? ಇಲ್ಲಾ, ಅವನ ಅಪ್ಪಣೆಯೇ ದಾರಿ ತಪ್ಪಿ ಆ ಕಾಲಿಗೆ ಹೋಯಿತೇ? ಚಾದರ ಸರಿಸಿ ಎರಡೂ ಪಾದ ಕಾಣುವಂತೆ ಇಟ್ಟೆ. ಅವ್ವನೂ ಬಂದು ಪಕ್ಕದಲ್ಲಿ ಕುಳಿತಳು.

“ಇನ್ನೊಮ್ಮೆ ಎತ್ತು” ಎಂದೆ.

“ಯಾವುದು?” ಎಂದ.