ಒಳಗೆ ಹಿಡಿದ ಬಟ್ಟೆ

ಓಣಿಯ ಟೈಲರಮ್ಮನಿಗೆ ಜನರ ಮೈಯ ಗುಟ್ಟೆಲ್ಲ ಗೊತ್ತು. ಯಾರ ಹೊಟ್ಟೆ ಮುಂದೆ ಬಂದಿದೆ, ಯಾರ ಒಂದು ಭುಜ ಇಳಿದಿದೆ, ಟೇಪು ಹಿಡಿದರೆ ಮುಗಿಯಿತು. ಮುಖಕ್ಕೆ ಹೊಡೆದಂತೆ ಹೇಳಿಯೂ ಬಿಡುತ್ತಿದ್ದಳು. ಗಂಡನಿಗೆ ಮಾತ್ರ ಟೇಪು ಹಿಡಿದವಳಲ್ಲ. ಕಟ್ಟಿಕೊಂಡವನ ಅಳತೆ ಕಣ್ಣಲ್ಲೇ ಇರುತ್ತದೆ ಅನ್ನುತ್ತಿದ್ದಳು.

ಗಂಡ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ದುಡಿಯುವವನು. ಸಂಜೆ ಬಂದರೆ ರೆಪ್ಪೆಯ ಮೇಲೂ ಬಿಳಿ ಧೂಳು. ಕೆಮ್ಮು ಹತ್ತಿ ಬಹಳ ಕಾಲವಾಗಿತ್ತು. ಗೋಡೆ ಗಡಿಯಾರದ ಸದ್ದಿನಂತೆ ಅದು ಮನೆಯಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಶೆಡ್ಡಿಗೆ ಎದೆಯ ಎಕ್ಸ್‌ರೇ ತೆಗೆಯುವ ವ್ಯಾನು ಬಂದ ದಿನ ಅವನು ಹಲ್ಲುನೋವೆಂದು ಮನೆಯಲ್ಲೇ ಉಳಿದ. ಅವತ್ತು ಶೆಡ್ಡಿನ ಅರ್ಧ ಜನಕ್ಕೆ ಹಲ್ಲುನೋವು. ಯಾರು ಯಾರು ಬಂದಿಲ್ಲ ಎಂದು ಮಾಲೀಕನೂ ಕೇಳಲಿಲ್ಲ. ಕೇಳಿ ಅವನಿಗೇನಾಗಬೇಕು? ಗೊತ್ತೇ ಆಗದ ಕಾಯಿಲೆಗೆ ಪರಿಹಾರ ಕೊಡಬೇಕಿಲ್ಲ. ದುಡಿಯುವವನಿಗೆ ಹೆದರಿಕೆ, ದುಡಿಸುವವನಿಗೆ ಲಾಭ. ಇಬ್ಬರೂ ಸೇರಿ ಕಣ್ಣು ಮುಚ್ಚಿಕೊಂಡರು.

ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾದದ್ದನ್ನು ಮೊದಲು ನೋಡಿದವಳು ಹೆಂಡತಿ. ನೋಡಿ, ಬಾಯಿ ಬಿಡಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಚ್ಚಿ, ಬೆರಳಗಲ ಬಟ್ಟೆ ಒಳಗೆ ಹಿಡಿದು ಹೊಲಿದಿಟ್ಟಳು. ಪಾಪ, ಸಡಿಲವಾದದ್ದು ಕಂಡರೆ ಹೆದರಿಯಾನು ಎಂದು. ನಿಜ ಹೇಳಬೇಕೆಂದರೆ ಹೆದರಿದ್ದವಳು ಅವಳೇ. ಹಾಗೇ ಮತ್ತೊಮ್ಮೆ ಹಿಡಿದಳು, ಮಗದೊಮ್ಮೆ ಹಿಡಿದಳು. ಹಿಂದಿನ ಎರಡು ಜೇಬು ಮೂಗಿಗೆ ಮೂಗು ತಾಗಿಸಿ ನಿಂತವು. ಅವನೋ, ಹಿಂದೆ ತಿರುಗಿ ನೋಡುವ ಗಿರಾಕಿಯೇ ಅಲ್ಲ.

ಒಂದು ಭಾನುವಾರ ಅವನ ಅಕ್ಕ ಬಂದಳು. ಬಾಗಿಲಲ್ಲೇ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, ಇದೇನೋ ಹೀಗೆ ಇಳಿದುಹೋಗಿದ್ದೀಯ, ಆಸ್ಪತ್ರೆಗೆ ತೋರಿಸಬಾರದಾ ಎಂದು ಹಿಡಿದುಕೊಂಡಳು. ಅವನು ನಕ್ಕು, ಸೊಂಟದ ಪಟ್ಟಿಯೊಳಗೆ ಹೆಬ್ಬೆರಳು ತೂರಿಸಲು ನೋಡಿದ. ತೂರಲಿಲ್ಲ.

"ಇಳಿದಿದ್ರೆ ಪ್ಯಾಂಟು ಹೇಳ್ತಿರಲಿಲ್ವಾ ಅಕ್ಕ? ವರ್ಷದಿಂದ ಇದನ್ನೇ ಹಾಕ್ತಿದೀನಿ, ಬೆರಳು ಹೋಗಲ್ಲ ನೋಡು. ಮೊದಲು ನಿನ್ನ ಕಣ್ಣು ತೋರಿಸ್ಕೋ."

ಒಳಗೆ ಮಿಷನ್ನಿನ ಮುಂದಿದ್ದ ಹೆಂಡತಿಯ ಕಾಲು ಅಲ್ಲೇ ನಿಂತಿತು. ವ್ಯಾನಿಗೆ ಅವನು ತಾನಾಗಿಯೇ ತಪ್ಪಿಸಿಕೊಂಡ, ಸರಿ. ಅಕ್ಕನ ಕೈಗೆ ಸಿಗದಂತೆ ಮಾಡಿದವಳು ತಾನು.

ಮಾರನೆಯ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಒಳಗೆ ಹಿಡಿದದ್ದನ್ನೆಲ್ಲ ಬ್ಲೇಡಿನಿಂದ ಬಿಚ್ಚಿದಳು. ಮೊದಲಿನ ಗೆರೆಯ ಮೇಲೆ ಹೊಲಿದು, ಪ್ಯಾಂಟನ್ನು ಇದ್ದಲ್ಲೇ ಇಟ್ಟಳು.

ಅವನು ತೊಟ್ಟು ಗುಂಡಿ ಹಾಕಿದ. ಕೈ ಬಿಟ್ಟದ್ದೇ ತಡ, ಮೊಣಕಾಲಿಗೆ ಬಂತು.

"ಯಾರ್ದೇ ಇದು? ಯಾವನೋ ಗಿರಾಕೀದು ಇಟ್ಟಿದೀಯ."

"ನಿಮ್ದೇ. ನಾನೇ ಹಿಡಿದು ಹಿಡಿದು ಚಿಕ್ಕದು ಮಾಡ್ತಿದ್ದೆ. ಇವತ್ತು ಬಿಚ್ಚಿದೀನಿ."

ಅವನು ಪ್ಯಾಂಟಿನ ಹಿಂಬದಿಯನ್ನು ಮುಂದಕ್ಕೆಳೆದು ನೋಡಿದ. ಬಿಸಿಲು ಕಾಣದೆ ಹೊಸ ಬಣ್ಣದಲ್ಲೇ ಉಳಿದಿದ್ದ ಅಂಗೈಯಗಲದ ಪಟ್ಟೆ. ಬೈಯುತ್ತಾನೆಂದು ಅವಳು ಕಾದಳು. ಬೈಯಲಿಲ್ಲ. ಕೆಮ್ಮಿದ, ಅವತ್ತು ಇಬ್ಬರಿಗೂ ಕೇಳಿಸಿತು.

"ಕಟ್ಕೊಳ್ಳೋಕೆ ಏನಾದ್ರೂ ಕೊಡು," ಎಂದ. "ಆಸ್ಪತ್ರೆವರೆಗೂ ಕೈಯಲ್ಲಿ ಹಿಡ್ಕೊಂಡು ಹೋಗಕ್ಕಾಗಲ್ಲ."

ಅವಳು ತನ್ನ ಕೊರಳಲ್ಲಿದ್ದ ಟೇಪನ್ನೇ ತೆಗೆದು ಅವನ ಸೊಂಟಕ್ಕೆ ಸುತ್ತಿ ಬಿಗಿದಳು. ಗಂಟಿನ ಪಕ್ಕದಲ್ಲೇ ಅಂಕಿ ಇತ್ತು. ಬಗ್ಗಿ ಓದಿದಳು.