‘ಯಾಕೆ ಟೀಚರ್’ ತರಗತಿಯಲ್ಲಿ ಬಾಗಿಲು ತೆಗೆದವನ ವಿಚಾರಣೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಪಕ್ಕದ ಕೋಣೆಯಲ್ಲಿ ಟೀಚರ್ ಮಡಚಿಟ್ಟ ಕುರ್ಚಿಗಳನ್ನು ಬಿಡಿಸಿ ಅರ್ಧವೃತ್ತದಲ್ಲಿ ಜೋಡಿಸುತ್ತಿದ್ದಾರೆ. ಹೈಸ್ಕೂಲು ಮಕ್ಕಳು ಆಕಳಿಸುತ್ತಾ ಬಂದು, ಬ್ಯಾಗನ್ನು ಕಾಲ ಬಳಿ ಎಸೆದು ಕೂರುತ್ತಾರೆ. ಒಂದು ಚಿಕ್ಕ ಪ್ರಾರ್ಥನೆ. ‘ಆಮೆನ್’ ಅಂದ ಬಾಯಲ್ಲೇ ಟೀಚರ್ ಕೇಳುತ್ತಾರೆ: “ಸರಿ, ಅವನು ಬಾಗಿಲು ಯಾಕೆ ತೆಗೆದ?”

ನಿದ್ದೆಗಣ್ಣುಗಳೆಲ್ಲ ಅರಳುತ್ತವೆ.

‘ಅವನು’ ಅಂದರೆ ಬಹಳ ಹಳೆಯ ದುರಂತ ನಾಟಕವೊಂದರ ಕಾವಲುಗಾರ. ಶತ್ರುಗಳು ಊರನ್ನು ಮುತ್ತಿದ್ದಾರೆ, ಅವನ ಮಗು ಅವರ ಕೈಯಲ್ಲಿದೆ. ಮಗುವನ್ನು ಉಳಿಸಿಕೊಳ್ಳಲು ಅವನು ಕೋಟೆ ಬಾಗಿಲು ತೆಗೆಯುತ್ತಾನೆ. ಮಗು ಉಳಿಯುತ್ತದೆ, ಊರು ಸುಟ್ಟು ಬೂದಿಯಾಗುತ್ತದೆ. ಶಾಲೆ ಶುರುವಾಗುವ ಮೊದಲು ಇಂಥ ಹಳೆಯ ಕೃತಿಗಳನ್ನು ಮಕ್ಕಳಿಗೆ ಓದಿಸುವುದು ಈ ಟೀಚರ್ ಕೆಲಸ. ಮಕ್ಕಳು ಇಟ್ಟಿರುವ ಹೆಸರು ‘ಯಾಕೆ ಟೀಚರ್’.

ಆ ಹೆಸರಿನ ಹಿಂದೊಂದು ನೋವಿದೆ. ಇವರು ಮೊದಲು ಗಂಟೆಗಟ್ಟಲೆ ಪಾಠ ಹೇಳುತ್ತಿದ್ದವರು. ಗಂಟಲಿನ ಆಪರೇಷನ್ ಆದಮೇಲೆ ದನಿ ಅರ್ಧಕ್ಕರ್ಧ ಹೋಯಿತು. ಶಾಲೆಯ ಕೆಲಸವೂ ಹೋಯಿತು. “ಒಂದು ವರ್ಷ ಮನೆ ಮೂಲೇಲಿ ಮುಖ ಮುಚ್ಕೊಂಡು ಕೂತಿದ್ದೆ. ಟೀಚರಿಗೆ ಬಾಯೇ ಇಲ್ಲ ಅಂದ್ರೆ ಇನ್ನೇನಿದೆ ಹೇಳಿ? ಆಮೇಲೆ ಅನ್ನಿಸ್ತು, ‘ಯಾಕೆ’ ಅನ್ನೋಕೆ ಎಷ್ಟು ದನಿ ಬೇಕು? ಓದೋದು, ಜಗಳ ಆಡೋದು ಮಕ್ಕಳೇ ಮಾಡ್ಲಿ ಅಂತ.” ಬಸ್ ಓಡಿಸುವ ಅವರ ಯಜಮಾನರು ಬಾಗಿಲಲ್ಲೇ ನಿಂತು ನಗುತ್ತಾರೆ: “ಮನೇಲಿ ಮಾತ್ರ ಗಂಟಲು ಗಟ್ಟಿಮುಟ್ಟಾಗಿದೆ, ಬರ್ಕೊಳ್ಳಿ!”

ಕ್ರೈಸ್ತ ನಂಬಿಕೆಗೂ ಈ ಹಳೆಯ ಕಥೆಗಳಿಗೂ ಎಲ್ಲಿಯ ನಂಟು? ಕೇಳಿಯೇಬಿಟ್ಟೆ. “ಮನುಷ್ಯನನ್ನ ದೇವರು ತನ್ನ ರೂಪದಲ್ಲಿ ಮಾಡಿದಾನೆ ಅಂತ ನಂಬ್ತೀವಿ. ಅದೇ ಮನುಷ್ಯ ಪಾಪಕ್ಕೆ ಬಿದ್ದಿದಾನೆ ಅಂತಾನೂ ನಂಬ್ತೀವಿ. ಎರಡನ್ನೂ ನೆನಪಲ್ಲಿಟ್ಟು ಓದಿದ್ರೆ ಕಥೇಲಿ ಯಾರನ್ನೂ ಪೂರ್ತಿ ತಳ್ಳಿಹಾಕೋಕಾಗಲ್ಲ. ಪೂರ್ತಿ ತಲೆ ಮೇಲೆ ಕೂರಿಸ್ಕೊಳ್ಳೋಕೂ ಆಗಲ್ಲ.”

ಈ ಮಾತಿಗೆ ಪರೀಕ್ಷೆ ಎದುರಾದದ್ದು ಇದೇ ನಾಟಕವನ್ನು ಮೊದಲ ಸಲ ಓದಿದಾಗ. ಮಕ್ಕಳೆಲ್ಲ ಕಾವಲುಗಾರನನ್ನು ದ್ರೋಹಿ, ಸೈತಾನ ಎಂದು ಬಯ್ಯುತ್ತಿದ್ದಾಗ ಯಾವಾಗಲೂ ತುಟಿ ಬಿಚ್ಚದ ಹುಡುಗಿಯೊಬ್ಬಳು ಎದ್ದು ನಿಂತಳು. “ನಮ್ಮಪ್ಪ ಜೈಲಿಂದ ಬಂದಿದಾರೆ. ಕ್ಷಮಿಸಿದ್ದೀನಿ ಅಂದ್ರೆ, ಅವರು ಮಾಡಿದ್ದು ಸರಿ ಅಂದಹಾಗೆ ಆಗಲ್ವಾ ಟೀಚರ್?”

ಟೀಚರ್ ಹೇಳಿದ್ದು ಇಷ್ಟೇ: “ಸರಿ ಅಂದಹಾಗೆ ಆಗಲ್ಲಮ್ಮ. ಆದ್ರೆ ಕ್ಷಮಿಸೋದು ಹೇಗೆ ಅಂತ ನಂಗೂ ಪೂರ್ತಿ ಗೊತ್ತಿಲ್ಲ. ಒಟ್ಟಿಗೆ ಹುಡುಕೋಣ.”

ಸುದ್ದಿ ಚರ್ಚಿನ ಹಿರಿಯರೊಬ್ಬರ ಕಿವಿಗೆ ಬಿತ್ತು. “ಕೊಲೆ, ಸೇಡು ಬಿಟ್ಟು ಬೇರೆ ಕಥೆ ಸಿಗ್ಲಿಲ್ವಾ? ಉತ್ತರ ಗೊತ್ತಿಲ್ಲ ಅನ್ನೋರು ಮಕ್ಕಳಿಗೆ ಏನು ಕಲಿಸ್ತಾರೆ?” ಎಂದು ಹಟ ಹಿಡಿದರು. ತರಗತಿಗೆ ಬೀಗ ಬೀಳುವುದರಲ್ಲಿತ್ತು. ಟೀಚರ್ ವಾದಕ್ಕಿಳಿಯಲಿಲ್ಲ. “ಒಂದೇ ಒಂದು ದಿನ ಬಂದು ಕೂತ್ಕೊಳ್ಳಿ. ಆಮೇಲೆ ನೀವು ಹೇಳಿದಹಾಗೆ,” ಎಂದರು.

ಹಿರಿಯರು ಬಂದು, ಕೈಕಟ್ಟಿ ಕೂತರು. ಕೊನೆಯ ಅಂಕದ ಓದು ಮುಗಿಯುವ ಹೊತ್ತಿಗೆ ತಡೆಯಲಾಗದೆ ತಾವೇ ಬಾಯಿಹಾಕಿದರು: “ಇವನಿಗೆ ಗಲ್ಲೇ ಸರಿ!”

“ಆಗ ಅವನ ಮಗು ಗತಿ ಏನು ತಾತ?” ಅದೇ ಹುಡುಗಿ ಕೇಳಿದಳು.

“ಮಗು ಏನು ಪಾಪ ಮಾಡಿದೆ? ಅದನ್ನ ಸಾಕ್ಬೇಕು.”

“ಯಾರು ಸಾಕ್ತಾರೆ?”

ಹಿರಿಯರು ಅವಳತ್ತ ಪೂರ್ತಿ ತಿರುಗಿದರು. ಅವಳು ಯಾರ ಮಗಳು ಎಂಬುದು ಆಗಷ್ಟೇ ಹೊಳೆದಿರಬೇಕು. “ನಾವು,” ಎಂದರು ಮೆಲ್ಲಗೆ. “ನಾವೇ ಸಾಕ್ಬೇಕು.” ಮುಂದಿನ ಭಾನುವಾರ ಆರಾಧನೆಯಲ್ಲಿ ಅವರು ಮುಂದಿನ ಸಾಲು ಬಿಟ್ಟು, ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂರುತ್ತಿದ್ದ ಹುಡುಗಿಯ ತಂದೆಯ ಪಕ್ಕ ಹೋಗಿ ಕೂತರು. ಬೀಗದ ಮಾತನ್ನು ಮತ್ತೆ ಯಾರೂ ಎತ್ತಿಲ್ಲ.

ಹುಡುಗಿ ಅಪ್ಪನನ್ನು ಕ್ಷಮಿಸಿದಳೇ? ಅವಳನ್ನೇ ಕೇಳಿದೆ. “ಪೂರ್ತಿ ಇಲ್ಲ. ಆದ್ರೆ ಬೆಳಿಗ್ಗೆ ಟೀ ಮಾಡಿ ಕೊಡ್ತೀನಿ. ಮೊದಲು ಅದೂ ಇರ್ಲಿಲ್ಲ,” ಎಂದು ಬ್ಯಾಗು ಹೆಗಲಿಗೇರಿಸಿ ಶಾಲೆಗೆ ಓಡುತ್ತಾಳೆ.

ಮಕ್ಕಳು ಹೋದಮೇಲೆ ಕೋಣೆ ಬಿಕೋ ಎನ್ನುತ್ತದೆ. ನಿಮ್ಮ ಆಸೆ ಏನು ಎಂದರೆ ಟೀಚರ್ ಗಂಟಲಿಗೆ ಬಿಸಿನೀರು ಕುಡಿದು, ಕುರ್ಚಿಗಳನ್ನು ಮಡಚಿಡುತ್ತಾ ಹೇಳುತ್ತಾರೆ: “ಇವರೆಲ್ಲ ನಾಳೆ ದೊಡ್ಡೋರಾಗ್ತಾರೆ. ಕೆಲಸ, ಸಂಸಾರ ಅಂತ ಓಡಾಡ್ತಾರೆ. ನನ್ನ ಮರೆತ್ರೂ ಪರವಾಗಿಲ್ಲ. ಎಲ್ಲಾದ್ರೂ ಬಸ್ಸಲ್ಲಿ ಇವರಲ್ಲೊಬ್ಬರು ಪುಸ್ತಕದಲ್ಲಿ ಮುಳುಗಿ ಸ್ಟಾಪ್ ತಪ್ಪಿಸ್ಕೊಂಡ್ರಂತೆ ಅಂತ ಯಾರಾದ್ರೂ ಬಂದು ಹೇಳಿದ್ರೆ ನಂಗಷ್ಟೇ ಸಾಕು.”