ಹಗುರ ಇದ್ದಿಲಿನ ಬೆಂಕಿ

ಇದ್ದಿಲಿನ ಚೂರೊಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ್ದೀರಾ, ಗೆಳೆಯರೇ? ಗಟ್ಟಿ ಮರದ್ದು ಕಲ್ಲಿನಂತೆ ಕೂರುತ್ತದೆ. ಮೆದು ಮರದ್ದು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಐವತ್ತರ ದಶಕದಲ್ಲಿ ವಿಲೆ ಪಾರ್ಲೆಯ ನಮ್ಮ ಚಾಳಿನ ಖೋಲಿಗೆ ಚಿಕ್ಕಮ್ಮ ತರಿಸುತ್ತಿದ್ದುದು ಈ ಎರಡನೆಯದನ್ನೇ. ಅದು ಬೂರುಗದ್ದೆಂದು ನನ್ನ ನೆನಪು ಹೇಳುತ್ತದೆ. ರಸಾಯನಶಾಸ್ತ್ರ ಓದಿದ ನನಗೆ ಆ ಸಾಕ್ಷಿಯ ಮೇಲೆ ನಂಬಿಕೆ ಇಲ್ಲ, ಹಾಲಿವಾಣದ್ದೂ ಇದ್ದೀತು.

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಯಾರ ಹಂಗಿನಲ್ಲೂ ಇರಲೊಲ್ಲೆ ಎಂದಿದ್ದಳು. ಸಾಂತಾಕ್ರೂಜ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿಯ ರಾಯರೊಬ್ಬರು ಅವಳ ಸುಟ್ಟ ಬದನೆಕಾಯಿ ಗೊಜ್ಜಿನ ರುಚಿ ನೋಡಿ, ಮೆಚ್ಚಿದರೆ ಕೆಲಸ ಕೊಡುವುದೆಂದು ಮಾತಾಗಿತ್ತು. ಅವರು ಬರುವ ಬೆಳಿಗ್ಗೆ ಅವಳು ಅಗ್ಗಿಷ್ಟಿಕೆ ಹೊತ್ತಿಸಿ, ನನ್ನನ್ನು ಕಾವಲಿಗಿಟ್ಟು ನಲ್ಲಿಗೆ ಹೋದಳು. ರಾಯರು ತಡಮಾಡಿದರು; ಊರಿನಲ್ಲಿ ಗಟ್ಟಿ ಮರದ ಕೆಂಡವನ್ನು ಕಾಪಿಡುವಂತೆ ನಾನು ಬೂದಿ ಮುಚ್ಚಿದೆ. ಅವರು ಬಂದು ಕೂತಾಗ, ನೀರು ಹೊತ್ತು ಮರಳಿದ್ದ ಚಿಕ್ಕಮ್ಮ ಕೆದಕಿದರೆ, ಒಳಗೂ ಬೂದಿಯೇ; ಹಗುರ ಇದ್ದಿಲು ಅಷ್ಟರಲ್ಲೇ ಉರಿದು ಮುಗಿದಿತ್ತು.

"ಕೆಂಡಕ್ಕೆ ಕಂಬಳಿ ಹೊದೆಸಿದ್ಯಾ ಮಾರಾಯ? ಬಿ.ಎಸ್ಸಿ.ಯಲ್ಲಿ ಇದನ್ನೇ ಕಲಿಸಿದ್ದಾ?"

ರಾಯರು ಎದ್ದರು. "ಇನ್ನೊಮ್ಮೆ ಬರ್ತೇನೆ ಅಕ್ಕ, ಹೋಟೆಲಲ್ಲಿ ರಶ್ ಶುರುವಾಗ್ತದೆ."

"ಕೂತ್ಕೊಳ್ಳಿ ರಾಯರೇ. ಈ ಇದ್ದಿಲಿಗೆ ನನ್ನ ಹಾಗೆ ಸಿಟ್ಟು ಬೇಗ. ನೀವು ಎಲೆ ಅಡಿಕೆ ಹಾಕುವಷ್ಟರಲ್ಲಿ ಕೆಂಪಾಗ್ತದೆ."

ಆಯಿತು. ಹಿಡಿ ಹಿಡಿಯಾಗಿ ಇದ್ದಿಲು ಉಣಿಸುತ್ತ, ಬದನೆಯನ್ನು ತೊಟ್ಟು ಹಿಡಿದು ತಿರುಗಿಸುತ್ತ, ಸಿಪ್ಪೆ ಕರಿದಾಗಿ ಒಳಗು ಬೆಣ್ಣೆಯಾಗುವ ಗಳಿಗೆಗೆ ಎತ್ತಿದಳು. ಕಿವುಚಿದ ಗೊಜ್ಜಿನ ನಡುವೆ ಪುಟ್ಟ ಬಟ್ಟಲಿನಲ್ಲಿ ಒಂದು ಕೆಂಡವಿಟ್ಟು, ಎರಡು ಹನಿ ತೆಂಗಿನೆಣ್ಣೆ ಬಿಟ್ಟು, ಎದ್ದ ಹೊಗೆಯ ಮೇಲೆ ತಟ್ಟೆ ಮುಚ್ಚಿದಳು. ವಿಶ್ವವಿದ್ಯಾಲಯ ನನಗೆ ದಹನದ ಸಮೀಕರಣ ಕಲಿಸಿತ್ತು. ಬೇಗ ಸಾಯುವ ಬೆಂಕಿಯ ಪಕ್ಕದಲ್ಲೇ ಕೂತಿರಬೇಕೆಂದು ಕಲಿಸಿರಲಿಲ್ಲ.

ರಾಯರು ಎರಡನೆಯ ಸಲ ಬಡಿಸಿಕೊಂಡರು. "ನಾಳೆ ನಮ್ಮ ಅಡುಗೆ ಭಟ್ರನ್ನ ಕಳಿಸ್ತೇನೆ, ಅವರಿಗೆ ಕಲಿಸಿಬಿಡಿ."

ಕೆಲಸ ಕೈಜಾರಿತೆಂದುಕೊಂಡೆ. ಚಿಕ್ಕಮ್ಮ ಇಕ್ಕಳವನ್ನು ಕೆಳಗಿಡಲೂ ಇಲ್ಲ. "ಕಲಿಸೋದಿಲ್ಲ ರಾಯರೇ. ಮಾಡಿ ಕೊಡ್ತೇನೆ."

ಆ ದಿನ ಭಾನುವಾರವೋ ಸೋಮವಾರವೋ, ರಾಯರ ಮುಖ ದುಂಡಗಿತ್ತೋ ಕೋಲಾಗಿತ್ತೋ, ಒಂದನ್ನೂ ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವರು ತಟ್ಟೆ ಬಳಿದು, "ಆಗ್ಲಿ ಅಕ್ಕ, ದಿನಾ ಹನ್ನೊಂದಕ್ಕೆ ಸರಿಯಾಗಿ ಮುಟ್ಟಬೇಕು" ಎಂದುದರಲ್ಲಿ ನನಗೆ ಸಂಶಯವಿಲ್ಲ. ಮರುದಿನ ಬಿಸಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್‌ನಲ್ಲಿ ಕೂತವನು ನಾನೇ, ಒಂದೇ ಸ್ಟೇಷನ್ನಿನ ದಾರಿ, ಇಡೀ ಬೋಗಿ ಮೂಗರಳಿಸಿ ನನ್ನತ್ತ ತಿರುಗಿತ್ತು, ಮತ್ತು ಯಾರೂ ಕೇಳದಿದ್ದರೂ ನಾನು ಹೇಳಿಬಿಟ್ಟೆ: "ನಮ್ಮ ಚಿಕ್ಕಮ್ಮ ಮಾಡಿದ್ದು."